ದಾರದ ಇನ್ನೊಂದು ತುದಿ

ಬೆಳಗಿನ ಐದೂವರೆ. ಟ್ಯಾನರ್ ಲೇನ್ ಮೈದಾನದಲ್ಲಿ, ಹಳ್ಳದ ಕಡೆಯ ಗೋಲಿನ ಹಿಂದೆ ಡಾಟ್ ಹೋಲ್‌ರಾಯ್ಡ್ ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ಊಟದ ಫೋರ್ಕು. ಅದರ ಹಲ್ಲಿನಿಂದ ನೆಲವನ್ನು ಸ್ವಲ್ಪಸ್ವಲ್ಪವೇ ಕೆದಕಿ ಮಣ್ಣನ್ನು ಪಕ್ಕಕ್ಕೆ ಗುಡ್ಡೆ ಹಾಕುತ್ತಿದ್ದಾರೆ. ಗುದ್ದಲಿ ಹತ್ತಿರದಲ್ಲೇ ಬಿದ್ದಿದೆ, ಅದನ್ನು ಮುಟ್ಟಿಲ್ಲ. ಐದು ವಾರದಿಂದ ಮಳೆ ಕಾಣದ ನೆಲದಿಂದ ಹುಲ್ಲು ಒಮ್ಮೆ ಎದ್ದರೆ ಮತ್ತೆ ಕೂರುವುದಿಲ್ಲ. ಇದು ಅವರಿಗೆ ಈ ವಾರವೇ, ಸ್ವಂತ ಖರ್ಚಿನಲ್ಲಿ ಗೊತ್ತಾದ ಸಂಗತಿ.

ಫೋರ್ಕು ಏನಕ್ಕೋ ತಗುಲಿ ಠಣ್ ಎನ್ನುತ್ತದೆ. ಡಾಟ್ ಅಂಗೈಯಿಂದ ಮಣ್ಣು ಸರಿಸುತ್ತಾರೆ. ಸಿಮೆಂಟು. ಸಿಮೆಂಟಿನ ನಡುವೆ ಕಬ್ಬಿಣದ ಕೊಳವೆಯ ಬಾಯಿ. ಅದರೊಳಗೆ ತುರುಕಿದ ಒಂದು ಉಣ್ಣೆಯ ಕಾಲುಚೀಲ.

"ಥೂ! ಮುದುಕಿ ಹೇಳಿದ್ದು ನಿಜಾನೇ," ಎನ್ನುತ್ತಾರೆ. ಹತ್ತಿರ ಕೇಳುವವರು ಯಾರೂ ಇಲ್ಲ. ಹಳ್ಳದ ಮೇಲೆ ಎರಡು ಕಾಗೆ ಇವೆ, ಅಷ್ಟೆ.

ಇವತ್ತು ಶನಿವಾರ. ಮಧ್ಯಾಹ್ನ ಮೂರಕ್ಕೆ ಇಲ್ಲಿ ಡನ್‌ಶಾ ಟೌನ್ ತಂಡಕ್ಕೂ ಹಾಲ್ಡನ್ ಸಿಟಿ ತಂಡಕ್ಕೂ ಫುಟ್‌ಬಾಲ್ ಸ್ನೇಹಪಂದ್ಯ. ಹಾಲ್ಡನ್ ಸಿಟಿ ದೊಡ್ಡ ಲೀಗಿನವರು, ಟಿವಿಯಲ್ಲಿ ಬರುವವರು. ಡನ್‌ಶಾ ಟೌನ್ ಆ ಲೀಗಿನ ಏಣಿಯಲ್ಲಿ ಕಣ್ಣಿಗೆ ಕಾಣದಷ್ಟು ಕೆಳಗಿನ ಮೆಟ್ಟಿಲು. ಗೋಲ್‌ಕೀಪರ್ ಪ್ಲಂಬರ್, ಇಬ್ಬರು ಮುಂಚೂಣಿಯ ಆಟಗಾರರು ಒಂದೇ ಬಿಸ್ಕತ್ತು ಕಾರ್ಖಾನೆಯವರು. ಆದರೂ ಪ್ರತಿ ಜುಲೈನಲ್ಲಿ, ಸೀಸನ್ ಶುರುವಾಗುವ ಮೊದಲು, ಸಿಟಿಯವರು ಕಣಿವೆ ಹತ್ತಿ ಇಲ್ಲಿಗೆ ಬಂದು ಒಂದು ಪಂದ್ಯ ಆಡಿ ಹೋಗುತ್ತಾರೆ. ಯಾವ ಕಾಲದಲ್ಲಿ ಯಾಕೆ ಶುರುವಾಯಿತು ಅಂತ ಯಾರಿಗೂ ನೆನಪಿಲ್ಲ. ಆದರೆ ಊರಿಗೆ ಅದು ಬೇಕು.

ಈ ಸಲ ಪಂದ್ಯ ನಡೆಯುತ್ತದೋ ಇಲ್ಲವೋ ಅನ್ನುವುದೇ ಅನುಮಾನ. ಸಿಟಿಯವರು ಹತ್ತು ಗಂಟೆಗೆ ಒಬ್ಬನನ್ನು ಕಳಿಸುತ್ತಾರೆ. ಅವನು ನೆಲ ನೋಡಿ ಬೇಡ ಅಂದರೆ ಪಂದ್ಯ ಸಿಟಿಯವರ ಪ್ಲಾಸ್ಟಿಕ್ ಹುಲ್ಲಿನ ಮೈದಾನಕ್ಕೆ ಹೋಗುತ್ತದೆ, ಜನರನ್ನು ಬಿಡದೆ ಗೇಟು ಮುಚ್ಚಿಕೊಂಡು. ಇದು ಪಂದ್ಯಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಸೋಮವಾರ ಕ್ಲಬ್ಬಿನ ಸಭೆ ಇದೆ. ಟ್ಯಾನರ್ ಲೇನ್‌ನ ಹುಲ್ಲು ಕಿತ್ತು ಇಲ್ಲೂ ಪ್ಲಾಸ್ಟಿಕ್ ಹಾಸಬೇಕೆ ಎಂದು ಅಲ್ಲಿ ಕೈ ಎತ್ತಿಸುತ್ತಾರೆ. ಅಧ್ಯಕ್ಷ ಕ್ಲೈವ್ ಬೇರ್‌ಸ್ಟೋ ನಿನ್ನೆ ಸಂಜೆ ಡಾಟ್ ಎದುರೇ ಹೇಳಿ ಹೋಗಿದ್ದಾರೆ: "ನೋಡು ಡಾಟ್, ನಾಳೆ ಅವರು ಇಲ್ಲಿ ಆಡಲಿಲ್ಲ ಅಂದ್ರೆ, ಸೋಮವಾರ ಹುಲ್ಲಿನ ಪರ ಕೈ ಎತ್ತೋಳು ನೀನೊಬ್ಳೇ. ನಿನಗೆ ಓಟೂ ಇಲ್ಲ."

*

ಡಾಟ್‌ಗೆ ಅರವತ್ಮೂರು ವರ್ಷ. ಗಿಡ್ಡ ಆಳು, ಅಗಲ ಭುಜ, ಬಿಸಿಲಿಗೆ ಸುಟ್ಟು ಸಿಪ್ಪೆ ಏಳುತ್ತಿರುವ ಮೂಗು. ಈ ಮೈದಾನ ನೋಡಿಕೊಳ್ಳಲು ಶುರುಮಾಡಿ ಇಪ್ಪತ್ತು ವರ್ಷ ದಾಟಿದೆ. ಈ ಕೆಲಸಕ್ಕೆ ಸಂಬಳವಿಲ್ಲ, ಪಂದ್ಯದ ದಿನ ಒಂದು ಮಾಂಸದ ಪೈ ಮತ್ತು ಬೇಯಿಸಿದ ಬಟಾಣಿ ಉಂಟು. ಪಂದ್ಯದ ಹಾಳೆಯಲ್ಲಿ ಅವರ ಹೆಸರು ಹಾಕುವುದಿಲ್ಲ. ಒಂದು ವರ್ಷ ಹಾಕಿದ್ದರು, ತಪ್ಪಾಗಿ 'ಡಾನ್' ಅಂತ. ಆಮೇಲೆ ಡಾಟೇ ಬೇಡ ಅಂದರು.

ಅದಕ್ಕೆ ಮೊದಲು ಅವರು ಬಸ್ಸು ಓಡಿಸುತ್ತಿದ್ದರು. ಕಣಿವೆಯ ಕೆಳಗಿಂದ ಡನ್‌ಶಾವರೆಗೆ, ಮತ್ತೆ ಕೆಳಗೆ. ಬಸ್ಸು ತಿರುಗಿಸುವ ಜಾಗ ಈ ಮೈದಾನದ ಗೇಟಿನ ಎದುರೇ. ಅಲ್ಲಿ ಚಾಲಕರಿಗೆ ಶೌಚಾಲಯ ಇರಲಿಲ್ಲ. ಗಂಡಸರು ಹಳ್ಳದ ಪೊದೆಯ ಮರೆಗೆ ಹೋಗುತ್ತಿದ್ದರು, ಡಾಟ್ ತಡೆದುಕೊಳ್ಳುತ್ತಿದ್ದರು. ಆಗ ಮೈದಾನ ನೋಡಿಕೊಳ್ಳುತ್ತಿದ್ದವರು ಆರ್ನಾಲ್ಡ್ ಎಂಬ ಮುದುಕ. ಒಂದು ದಿನ ಅವರು ಬಸ್ಸಿನ ಕಿಟಕಿ ತಟ್ಟಿ ಒಂದು ಚಾವಿ ಕೊಟ್ಟರು. ಆಟಗಾರರ ಕೋಣೆಯ ಶೌಚಾಲಯದ ಚಾವಿ.

"ಆ ಮನುಷ್ಯ ಬೇರೇನೂ ಮಾತಾಡಲಿಲ್ಲ," ಎನ್ನುತ್ತಾರೆ ಡಾಟ್. "ಮುಖ ಬೇರೆ ಕಡೆ ತಿರುಗಿಸ್ಕೊಂಡು ಕೊಟ್ಟ. ನಾನು ಒಳಗೆ ಹೋಗಿ ಬಂದೆ. ಬಂದ ಮೇಲೆ ಸುಮ್ನೆ ಹೋಗೋಕೆ ನಾಚಿಕೆ ಆಯ್ತು. ಅವನು ಒಬ್ನೇ ಮೈದಾನಕ್ಕೆ ಬಿಳಿ ಗೆರೆ ಎಳೆಯೋಕೆ ಒದ್ದಾಡ್ತಿದ್ದ. ದಾರದ ಒಂದು ತುದಿಗೆ ಮೊಳೆ ಹೊಡೆದು ಇನ್ನೊಂದು ತುದಿಗೆ ಹೋಗೋದು, ಅಷ್ಟೊತ್ತಿಗೆ ಮೊಳೆ ಕಿತ್ತು ಬರೋದು, ಬೈಯೋದು. ನಾನು ಹೋಗಿ ಆ ತುದಿ ಹಿಡ್ಕೊಂಡೆ. ಬಸ್ಸು ಹೊರಡೋಕೆ ಇನ್ನೂ ಆರು ನಿಮಿಷ ಇತ್ತು."

ಹಾಗೆ ಶುರುವಾಯಿತು. ಮೊದಲು ದಾರ, ಆಮೇಲೆ ಬಲೆ ಕಟ್ಟುವುದು, ಆಮೇಲೆ ಹುಲ್ಲು ಕತ್ತರಿಸುವ ಗಾಡಿ. ಆರ್ನಾಲ್ಡ್‌ರ ಮಂಡಿ ಹೋಯಿತು, ಮುಂದೆ ಆರ್ನಾಲ್ಡೇ ಹೋದರು. ಡಾಟ್ ದಾರದ ಎರಡೂ ತುದಿಯನ್ನು ಒಬ್ಬರೇ ನೋಡಿಕೊಳ್ಳುವುದು ಕಲಿತರು. ಬಸ್ಸಿನ ಕೆಲಸದಿಂದ ನಿವೃತ್ತಿಯಾಗಿಯೂ ವರ್ಷಗಳಾದವು. ಗಂಡ? ಅದಕ್ಕೂ ಅವರ ಹತ್ತಿರ ಚಿಕ್ಕ ಉತ್ತರವಿದೆ.

"ಇದ್ದ ಒಬ್ಬ. ಲೀಡ್ಸ್‌ಗೆ ಹೋದ. ಹೋಗೋದು ಹೋದ, ನನ್ನ ಬಸ್ಸೇ ಹತ್ತಿದ ಪುಣ್ಯಾತ್ಮ. ಕೈಯಲ್ಲಿ ಪೆಟ್ಟಿಗೆ. 'ಎಲ್ಲಿಗೆ?' ಅಂದೆ. 'ಕೊನೇ ಸ್ಟಾಪಿಗೆ' ಅಂದ. ಟಿಕೆಟ್ ಹರಿದು ಕೊಟ್ಟೆ. ಬರೋದಕ್ಕೂ ಬೇಕಾ ಅಂತ ಕೇಳಲಿಲ್ಲ ನಾನು."

ಬೇರೆ ಬೇಸಿಗೆಗಳಲ್ಲಿ ಜುಲೈ ಎಂದರೆ ಡಾಟ್‌ಗೆ ಒಳ್ಳೆಯ ತಿಂಗಳು. ಮೇ ತಿಂಗಳಲ್ಲಿ ಹಾಕಿದ ಬೀಜ ಮೊಳೆತು ಗೋಲಿನ ಮುಂದಿನ ಬೋಳು ಜಾಗ ತುಂಬಿರುತ್ತದೆ. ಯಾರೂ ಇನ್ನೂ ತುಳಿದಿರುವುದಿಲ್ಲ. ಈ ವರ್ಷ ಬೀಜ ಮೊಳೆಯಿತು, ಮೊಳೆತ ಮೇಲೆ ಮಳೆ ನಿಂತಿತು. ಜೂನ್ ಕೊನೆಗೆ ಪೈಪಿನಲ್ಲಿ ನೀರು ಬಿಡಬಾರದೆಂದು ಆಜ್ಞೆ ಬಂತು. ಕಾರು ತೊಳೆಯುವ ಹಾಗಿಲ್ಲ, ತೋಟಕ್ಕೆ ಹಾಕುವ ಹಾಗಿಲ್ಲ, ಮೈದಾನಕ್ಕಂತೂ ಇಲ್ಲವೇ ಇಲ್ಲ. ಆದರೆ ಬಳಸಿದ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಹಾಕಿದರೆ ಕೇಳುವವರಿಲ್ಲ.

ಡಾಟ್ ಹೊತ್ತರು. ಅಭ್ಯಾಸ ಮುಗಿಸಿ ಆಟಗಾರರು ಮೀಯುವ ದೊಡ್ಡ ತೊಟ್ಟಿಯ ನೀರನ್ನು ಮೊದಲು. ಅದು ಸಾಲಲಿಲ್ಲ. ಆಮೇಲೆ ಟ್ಯಾನರಿ ಸಾಲಿನ ಮನೆಗಳ ಬಾಗಿಲು ತಟ್ಟಿದರು. ಆ ಮನೆಗಳ ಹಿತ್ತಲು ಮೈದಾನದ ಇನ್ನೊಂದು ತುದಿಗೆ ತಾಗಿಕೊಂಡಿವೆ. "ಪಾತ್ರೆ ತೊಳೆದ ನೀರು, ಮಗು ಮಿಂದ ನೀರು, ಏನಿದ್ರೂ ಚೆಲ್ಲಬೇಡಿ ಚಿನ್ನ. ಗೋಡೆ ಮೇಲಿಂದ ಗೋಲಿನ ಮುಂದಕ್ಕೆ ಹೊಯ್ದುಬಿಡಿ, ಇಲ್ಲಾ ಬಕೆಟ್ಟು ಇಟ್ಟಿರಿ, ನಾನು ಬರ್ತೀನಿ." ಜನ ಕೊಟ್ಟರು. ಸಂಜೆ ಹೊತ್ತು ಸಾಲುಸಾಲಾಗಿ ಬಕೆಟ್ಟುಗಳು ಗೋಡೆಯ ಮೇಲೆ ಕೂತಿರುತ್ತಿದ್ದವು. ಗೋಲಿನ ಮುಂದೆ ಹಸಿರು ಉಳಿಯಿತು. ಕೆಲವು ದಿನ ಈರುಳ್ಳಿ ವಾಸನೆ ಬರುತ್ತಿತ್ತು, ಅದು ಬೇರೆ ಮಾತು.

ಎಲ್ಲರಿಗಿಂತ ಆಶ್ಚರ್ಯ ಹುಟ್ಟಿಸಿದವರು ಮಿಸೆಸ್ ಸಗ್ಡನ್. ಗೋಲಿನ ನೇರ ಹಿಂದಿನ ಮನೆ ಅವರದು, ವಯಸ್ಸು ಎಂಬತ್ತೊಂದು. ಹಿತ್ತಲಿಗೆ ಬಿದ್ದ ಚೆಂಡನ್ನು ಅವರು ವಾಪಸು ಕೊಟ್ಟದ್ದನ್ನು ಕಂಡವರಿಲ್ಲ. ಬೆಳಗಾದರೆ ಗೋಡೆಯ ಮೇಲಿಂದ ತಲೆ ಹಾಕಿ, ಗೋಲು ಮೊದಲು ಇಷ್ಟು ಹತ್ತಿರ ಇರಲಿಲ್ಲ, ಹಳ್ಳದ ಕಡೆಗೆ ಇತ್ತು, ನನ್ನ ಟೊಮೆಟೊ ಗಿಡ ಹಾಳುಮಾಡಲಿಕ್ಕೆ ಇತ್ತ ತಂದಿದ್ದೀರಿ ಎಂದು ಕೂಗುವವರು. ಕ್ಲಬ್ಬಿನ ಈಗಿನ ಯಾರಿಗೂ ಹಾಗಿದ್ದ ನೆನಪಿಲ್ಲ. ಕ್ಲೈವ್ ಅದನ್ನು ಅರಳುಮರಳು ಎಂದು ತೀರ್ಮಾನಿಸಿದ್ದರು. ಅವರನ್ನು ಐವಿ ಎಂದು ಹೆಸರು ಹಿಡಿದು ಕರೆಯುವ ಸಲುಗೆ ಗೋಡೆಯ ಈಚೆ ಯಾರಿಗೂ ಸಿಕ್ಕಿಲ್ಲ. ಅಂಥ ಮಿಸೆಸ್ ಸಗ್ಡನ್ ಈ ಬೇಸಿಗೆಯಲ್ಲಿ ದಿನಾ ಒಂದು ಬಕೆಟ್ಟು ನೀರನ್ನು ತಾವೇ ಗೋಡೆಯಾಚೆ ಹೊಯ್ದರು.

ಬುಧವಾರ ಬೆಳಿಗ್ಗೆ ಡಾಟ್ ಬಂದು ನೋಡಿದರೆ, ಗೋಲಿನ ಮುಂದೆ, ಕೀಪರ್ ನಿಲ್ಲುವ ಜಾಗದಲ್ಲೇ, ಊಟದ ಮೇಜಿನಷ್ಟು ಹುಲ್ಲು ಬೆಳ್ಳಗೆ ಸತ್ತು ಬಿದ್ದಿತ್ತು. ಒಣಗಿದ ಕಂದು ಅಲ್ಲ, ಬಿಳಿ. ಡಾಟ್ ತಲೆ ಎತ್ತಿ ಟ್ಯಾನರಿ ಸಾಲಿನ ಕಿಟಕಿಗಳನ್ನು ನೋಡಿದರು. ಎಲ್ಲ ಮನೆಯ ಜಾಲರಿ ಪರದೆಗಳೂ ಬೇಸಿಗೆಯ ಧೂಳಿಗೆ ಬೂದಿ ಬಣ್ಣ. ಒಂದು ಮನೆಯದು ಮಾತ್ರ ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತಿತ್ತು.

"ಪರದೆ ಬಿಳಿ ಮಾಡೋ ಪುಡಿ," ಎನ್ನುತ್ತಾರೆ ಡಾಟ್. "ರಾತ್ರಿ ನೆನೆಸಿಟ್ಟು, ಮಂಗಳವಾರ ಬೆಳಿಗ್ಗೆ ಆ ನೀರನ್ನ ನನ್ನ ಹುಲ್ಲಿಗೆ ಹೊಯ್ದಿದ್ದಾಳೆ. ಒಳ್ಳೇ ಮನಸ್ಸಿಂದಲೇ."

ಅವರು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಕ್ಲೈವ್ ಗೋಡೆಯ ಹತ್ತಿರ ನಿಂತು ಕೂಗಾಡುತ್ತಿದ್ದರು, ಸಾಲಿನವರೆಲ್ಲ ಬಕೆಟ್ಟು ಒಳಗಿಡುತ್ತಿದ್ದರು. ಗುರುವಾರ ಮೂಲೆಯಿಂದ ಹುಲ್ಲಿನ ಹಾಳೆ ಕತ್ತರಿಸಿ ತಂದು ಆ ಜಾಗಕ್ಕೆ ತೇಪೆ ಹಾಕಿದರು. ಶುಕ್ರವಾರ ಬೂಟಿನ ತುದಿಯಿಂದ ಒದ್ದು ನೋಡಿದರೆ ಅದು ಬಾಗಿಲ ಮುಂದಿನ ಚಾಪೆಯ ಹಾಗೆ ಎದ್ದು ಬಂತು. ಅದರ ಮೇಲೆ ಕೀಪರ್ ಜಾರಿದರೆ ಕಾಲು ಹೋಗುತ್ತದೆ. ಡಾಟ್ ತೇಪೆ ಕಿತ್ತು ಮೂಲೆಗೆ ಎಸೆದರು. ಆ ಸಂಜೆಯೇ ಕ್ಲೈವ್ ಬಂದು ಕಲೆ ನೋಡಿದ್ದು.

ಕ್ಲೈವ್ ಊರಿನಲ್ಲಿ ಶವಸಂಸ್ಕಾರದ ಅಂಗಡಿ ನಡೆಸುತ್ತಾರೆ. ಕಪ್ಪು ಕೋಟು ಜುಲೈನಲ್ಲೂ ಬಿಚ್ಚುವುದಿಲ್ಲ.

"ಹಸಿರು ಬಣ್ಣ ಸಿಗುತ್ತೆ ಡಾಟ್, ಹುಲ್ಲಿಗೆ ಅಂತಲೇ ಮಾಡಿರೋದು. ಬಳಿದುಬಿಡು. ಆ ಹುಡುಗ ಹತ್ತು ಗಂಟೆಗೆ ಬರ್ತಾನೆ, ಒಂದು ಸುತ್ತು ಹಾಕ್ತಾನೆ, ಹೋಗ್ತಾನೆ."

"ಸತ್ತವರಿಗೆ ಬಣ್ಣ ಹಚ್ಚಿ ಮಲಗಿಸೋದು ನಿನ್ನ ಕೆಲಸ ಕ್ಲೈವ್. ನನ್ನದಲ್ಲ."

"ಹಾಗಾದ್ರೆ ಏನ್ ಮಾಡ್ತೀಯ?"

ಪಂದ್ಯದ ಹಿಂದಿನ ಸಂಜೆ ಗೆರೆ ಎಳೆಯುವುದು ವಾಡಿಕೆ. ನಿನ್ನೆ ಡಾಟ್ ಎಳೆಯಲಿಲ್ಲ. ಕಳೆದ ಸೀಸನ್ನಿನ ಗೆರೆಗಳು ಯಾವಾಗಲೋ ಅಳಿಸಿಹೋಗಿದ್ದವು. ಬೋಳು ಮೈದಾನವನ್ನು ಹಾಗೇ ಬಿಟ್ಟು ಮನೆಗೆ ಹೋದರು.

*

ಇವತ್ತು ಬೆಳಿಗ್ಗೆ ಐದಕ್ಕೆ ಬಂದಾಗ ಬಿಸಿಲು ನೆಲಕ್ಕೆ ಓರೆಯಾಗಿ ಬೀಳುತ್ತಿತ್ತು. ಗೆರೆ ಕಂಡಿತು. ಡಾಟ್ ಎಳೆಯದ ಗೆರೆ. ಹಳ್ಳದ ಕಡೆಯ ಗೋಲಿನಿಂದ ಏಳೆಂಟು ಹೆಜ್ಜೆ ಹಿಂದೆ, ಒಣ ಹುಲ್ಲಿನಲ್ಲಿ ಇನ್ನೂ ಒಣಗಿದ ನೇರ ಪಟ್ಟಿ, ಮೈದಾನದ ಅಡ್ಡಕ್ಕೆ ಈ ಬದಿಯಿಂದ ಆ ಬದಿಗೆ. ಅದರಿಂದ ಹೊರಟ ಇನ್ನೆರಡು ಪಟ್ಟಿ, ಗೋಲಿನ ಮುಂದಿನ ಚೌಕದ ಹಾಗೆ. ಮಧ್ಯದಲ್ಲಿ ಒಂದು ವೃತ್ತ, ಅದು ಇರಬೇಕಾದ ಜಾಗದಲ್ಲಿಲ್ಲ. ಹಳೆಯ ಕಾಲದಲ್ಲಿ ಗೆರೆ ಚಳಿಗಾಲ ಪೂರ್ತಿ ಉಳಿಯಲಿ ಎಂದು ಬಣ್ಣಕ್ಕೆ ಕಳೆ ಸಾಯಿಸುವ ಔಷಧ ಬೆರೆಸುತ್ತಿದ್ದರು. ಆ ಮಣ್ಣು ಅದನ್ನು ಮರೆತಿರಲಿಲ್ಲ. ಮಳೆ ಇದ್ದ ವರ್ಷಗಳಲ್ಲಿ ಹುಲ್ಲು ಮುಚ್ಚಿಕೊಂಡಿತ್ತು. ಈ ವರ್ಷ ಮುಚ್ಚಲು ಹುಲ್ಲಿಗೆ ಶಕ್ತಿಯಿಲ್ಲ.

ಇಡೀ ಮೈದಾನವೇ ಒಂದು ಕಾಲದಲ್ಲಿ ಹಳ್ಳದ ಕಡೆಗೆ ಸರಿದಿತ್ತು. ಹಳ್ಳ ಉಕ್ಕಿ ಆ ತುದಿ ಕೆಸರಾಗುತ್ತದೆಂದು ಆರ್ನಾಲ್ಡ್ ಅದನ್ನು ಮೇಲಕ್ಕೆ, ಟ್ಯಾನರಿ ಸಾಲಿನ ಕಡೆಗೆ ತಂದಿರಬೇಕು. ಈ ವರ್ಷ ಇಡೀ ಮೈದಾನದಲ್ಲಿ ಬಕೆಟ್ಟು ನೀರಿಲ್ಲದೆ ಹಸಿರು ಉಳಿದಿರುವುದು ಆ ಕೆಸರಿನ ತುದಿಯಲ್ಲೇ. ಮೈದಾನವನ್ನು ಹಿಂದಕ್ಕೆ ಸರಿಸಿದರೆ ಬಿಳಿ ಕಲೆ ಗೋಲಿನ ಹಿಂದೆ ಬೀಳುತ್ತದೆ.

ಡಾಟ್ ಫೋರ್ಕು ತರಲು ಕ್ಲಬ್ಬಿನ ಅಡುಗೆಕೋಣೆಗೆ ಓಡಿದ್ದು ಆಗಲೇ.

ಈಗ ಕಾಲುಚೀಲ ಹಿಡಿದು ಮೈದಾನದ ಉದ್ದಕ್ಕೆ ನಡೆದು ಟ್ಯಾನರಿ ಸಾಲಿನ ಗೋಡೆಗೆ ಬರುತ್ತಾರೆ. ಗೋಡೆಯ ಮೇಲೆ ಆಗಲೇ ಒಂದು ತಲೆ ಇದೆ, ಕೂದಲಿಗೆ ಸುರುಳಿ ಸುತ್ತಿಕೊಂಡದ್ದು.

"ಏನ್ ಹುಡುಗಿ, ಬೆಳಿಗ್ಗೆ ಬೆಳಿಗ್ಗೆ ಯಾರನ್ನ ಹೂಳ್ತಿದ್ದೀಯ?"

"ಹೂಳ್ತಿಲ್ಲ ಮಿಸೆಸ್ ಸಗ್ಡನ್, ಅಗೀತಿದ್ದೀನಿ. ಗೋಲು ಮೊದಲು ಆ ಕಡೆ ಇತ್ತು ಅಂತ ಹೇಳ್ತಿದ್ರಲ್ಲ ನೀವು."

"ಹೇಳ್ತಿದ್ದೆ ಅಂತೆ! ಮೂವತ್ತು ವರ್ಷದಿಂದ ಬಾಯಿ ಬಡ್ಕೊಂಡಿದ್ದೀನಿ. ಆ ಹೆಣದಂಗಡಿಯವನು ನನಗೆ ತಲೆ ಕೆಟ್ಟಿದೆ ಅಂದ."

"ಇತ್ತು. ಗೋಲಿನ ಕಂಬ ನಿಲ್ಲಿಸೋ ಕೊಳವೆ ಸಿಕ್ತು. ಅದರ ಬಾಯಲ್ಲಿ ಇದಿತ್ತು."

ಮಿಸೆಸ್ ಸಗ್ಡನ್ ಕಾಲುಚೀಲ ಇಸಿದುಕೊಂಡು ಹಿಂದೆ ಮುಂದೆ ನೋಡುತ್ತಾರೆ. "ಆರ್ನಾಲ್ಡಂದು. ಅವನ ಹೆಂಡ್ತಿ ಹೆಣೆದಿದ್ದು. ಪಾಪ, ಹಿಮ್ಮಡಿ ಯಾವತ್ತೂ ಸರಿ ಬರಲಿಲ್ಲ ಅವಳಿಗೆ." ಅಲ್ಲಿಗೆ ನಿಲ್ಲಿಸಿ, ಗೋಲಿನ ಮುಂದಿನ ಬಿಳಿ ಕಲೆಯ ಕಡೆ ಗಲ್ಲ ಎತ್ತುತ್ತಾರೆ. "ಅದು. ನಾನಾ?"

"ಹೌದು."

"ಪರದೆ ನೀರಾ?"

"ಪರದೆ ನೀರೇ."

"ಬಟ್ಟೆಗೆ ಏನೂ ಆಗಲ್ಲ ಅಂತ ಡಬ್ಬದ ಮೇಲೆ ಬರೆದಿತ್ತಲ್ಲ."

"ಬಟ್ಟೆಗೆ ಏನೂ ಆಗಿಲ್ಲ. ಹಾಲಿನ ಹಾಗಿದೆ, ನೋಡಿದೆ."

ಮಿಸೆಸ್ ಸಗ್ಡನ್ ಕಾಲುಚೀಲವನ್ನು ಮಡಿಸಿ ಗೋಡೆಯ ಮೇಲಿಡುತ್ತಾರೆ. ಕ್ಷಮೆ ಕೇಳುವ ಜಾತಿಯಲ್ಲ. ಡಾಟ್ ಕೂಡ ಅದನ್ನು ಕಾಯುತ್ತಿಲ್ಲ. ಅವರಿಗೆ ಬೇಕಿರುವುದು ಬೇರೆ.

"ಹತ್ತು ಗಂಟೆಗೆ ಮೊದಲು ಇಡೀ ಮೈದಾನಕ್ಕೆ ಗೆರೆ ಎಳೀಬೇಕು. ಒಬ್ಳೇ ಆದ್ರೆ ಮಧ್ಯಾಹ್ನ ಆಗುತ್ತೆ. ದಾರ ಹಿಡೀತೀರಾ?"

"ನನಗೆ ಎಂಬತ್ತೊಂದು."

"ಓಡೋದೇನಿಲ್ಲ. ನಿಂತ್ಕೊಂಡು ಬಿಗಿಯಾಗಿ ಹಿಡ್ಕೊಳ್ಳೋದು, ಬಿಡದೇ ಇರೋದು. ಅಷ್ಟೇ."

"ಹಿಡಿದದ್ದು ಬಿಡದೇ ಇರೋದು ನನಗೆ ಬರುತ್ತೆ," ಎನ್ನುತ್ತಾರೆ ಮಿಸೆಸ್ ಸಗ್ಡನ್. "ನಿಮ್ಮ ಚೆಂಡುಗಳನ್ನ ಕೇಳಿ ನೋಡು."

ಗೋಡೆ ಹತ್ತಿ ಇಳಿಯುವ ವಯಸ್ಸಲ್ಲ. ಅವರು ಮನೆಗೆ ಬೀಗ ಹಾಕಿ, ಬೀದಿ ಸುತ್ತಿಕೊಂಡು, ಕೋಟು, ಟೋಪಿ, ಕೈಚೀಲ ಸಮೇತ ಮುಂದಿನ ಗೇಟಿನಿಂದ ಬರುತ್ತಾರೆ. ಅಷ್ಟು ವರ್ಷ ಪಕ್ಕದಲ್ಲೇ ಇದ್ದು ಈ ಮೈದಾನದ ಒಳಗೆ ಕಾಲಿಟ್ಟದ್ದು ಇದೇ ಮೊದಲಂತೆ. ಗೇಟಿನಲ್ಲಿ ನಿಂತು ಪೂರ್ತಿ ಒಂದು ಸಲ ನೋಡಿ, "ಚಿಕ್ಕದು," ಎನ್ನುತ್ತಾರೆ.

ಡಾಟ್ ದಾರದ ತುದಿ ಅವರ ಕೈಗೆ ಕೊಟ್ಟು ಮೂಲೆಯಲ್ಲಿ ನಿಲ್ಲಿಸುತ್ತಾರೆ. ಬಿಳಿ ಬಣ್ಣದ ಗಾಡಿಯ ಚಕ್ರ ಕಿರುಗುಟ್ಟುತ್ತಾ ದಾರದ ಗುಂಟ ಹೊರಡುತ್ತದೆ. ಅರ್ಧ ದಾರಿಯಲ್ಲಿ ಡಾಟ್ ಕೂಗುತ್ತಾರೆ: "ಸಡಿಲ ಆಯ್ತು! ಎಳೀರಿ! ಗೆರೆ ಹಾವು ಹೋದ ಹಾಗೆ ಆಗುತ್ತೆ!" ಆ ಕಡೆಯಿಂದ ಉತ್ತರ: "ನಾನು ಎಳೀತಾನೇ ಇದ್ದೀನಿ, ನೀನು ನಿನ್ನ ಗಾಡಿ ನೋಡ್ಕೋ!" ಎರಡನೆಯ ಗೆರೆಯ ಹೊತ್ತಿಗೆ ದಾರ ತಂತಿಯ ಹಾಗೆ ನಿಂತಿದೆ. ಮಿಸೆಸ್ ಸಗ್ಡನ್ ಅದನ್ನು ಕೈಚೀಲದ ಹಿಡಿಗೆ ಸುತ್ತಿ, ಚೀಲದ ಮೇಲೆ ಕಾಲಿಟ್ಟು ನಿಂತಿದ್ದಾರೆ.

ಎಂಟೂವರೆಗೆ ಕ್ಲೈವ್ ಬರುತ್ತಾರೆ. ಅವರ ಹಿಂದೆ ಕಪ್ಪು ಕೋಟಿನ ನಾಲ್ಕು ಆಳು. ಹನ್ನೊಂದಕ್ಕೆ ಚರ್ಚಿನಲ್ಲಿ ಒಂದು ಶವಸಂಸ್ಕಾರವಿದೆ, ಶವಪೆಟ್ಟಿಗೆ ಹೊರುವವರನ್ನು ಕಾರಿನಲ್ಲಿ ಕೂರಿಸಿಕೊಂಡೇ, ದಾರಿಯಲ್ಲಿ ಮೈದಾನ ಏನಾಗಿದೆ ನೋಡಿ ಹೋಗಲು ಬಂದದ್ದು. ಹೊಸ ಗೆರೆಗಳನ್ನೂ, ಗೆರೆಯಿಂದ ಏಳೆಂಟು ಹೆಜ್ಜೆ ಆಚೆ ಒಂಟಿಯಾಗಿ ನಿಂತ ಗೋಲನ್ನೂ, ದಾರ ಹಿಡಿದ ಮಿಸೆಸ್ ಸಗ್ಡನ್‌ರನ್ನೂ ನೋಡಿ ಅವರಿಗೆ ಯಾವುದರಿಂದ ಶುರುಮಾಡಬೇಕೆಂದು ತಿಳಿಯುವುದಿಲ್ಲ.

"ಡಾಟ್, ನಿನಗೆ ಬಿಸಿಲು ಹೊಡೆದಿದೆಯಾ?"

ಡಾಟ್ ಕೊಳವೆ ತೋರಿಸುತ್ತಾರೆ. ನಾಲ್ಕೂ ಸಿಕ್ಕಿವೆ, ನಾಲ್ಕರಲ್ಲೂ ಕಾಲುಚೀಲ. ಕ್ಲೈವ್ ಬಗ್ಗಿ ನೋಡಿ ನೆಟ್ಟಗಾಗುತ್ತಾರೆ. "ಸರಿ. ಆದ್ರೆ ಆ ಕಲೆ ಮಾಡಿದ್ದು ಯಾರು ಅಂತ ನನಗೆ ಗೊತ್ತಾಗಬೇಕು."

"ಬೇಸಿಗೆ," ಎನ್ನುತ್ತಾರೆ ಡಾಟ್.

"ನಾನು," ಎನ್ನುತ್ತಾರೆ ಮಿಸೆಸ್ ಸಗ್ಡನ್, ದಾರ ಬಿಡದೆ.

"ನೀವಾ? ಬೇಕಂತಲೇ?"

"ಬೇಕಂತ ಮಾಡಿದ್ರೆ ಇಡೀ ಮೈದಾನ ಬೆಳ್ಳಗಾಗ್ತಿತ್ತು ಕ್ಲೈವ್ ಬೇರ್‌ಸ್ಟೋ. ನಿನ್ನಪ್ಪನ್ನ ಕೇಳು, ನಾನು ಕೆಲಸ ಅರ್ಧ ಮಾಡೋಳಲ್ಲ."

ಶವ ಹೊರುವವರಲ್ಲಿ ಒಬ್ಬ ನಗು ತಡೆಯಲಾರದೆ ಕೆಮ್ಮುತ್ತಾನೆ. ಡಾಟ್ ಅವನ ಕಡೆ ತಿರುಗುತ್ತಾರೆ. "ಕೆಮ್ಮೋಕೆ ಉಸಿರಿದ್ರೆ ಎತ್ತೋಕೂ ಇರುತ್ತೆ ಚಿನ್ನ. ಆ ಗೋಲು ಇಲ್ಲಿಗೆ ಬರಬೇಕು. ಇನ್ನೊಂದೂ ಹಾಗೇ ಹಳ್ಳದ ಕಡೆಗೆ."

ಕ್ಲೈವ್ ಗಡಿಯಾರ ನೋಡುತ್ತಾರೆ, ಗೋಲು ನೋಡುತ್ತಾರೆ. ಪ್ಲಾಸ್ಟಿಕ್ ಬೇಕೆಂದವರು ಅವರೇ. ಆದರೆ ಸಿಟಿಯವರು ತಮ್ಮ ಮೈದಾನಕ್ಕೆ ಬರುವುದು ಅವರಿಗೂ ಬೇಕು. "ಕೋಟಿಗೆ ಬಣ್ಣ ತಾಗಿಸ್ಕೋಬೇಡಿ," ಎಂದಷ್ಟೇ ತಮ್ಮವರಿಗೆ ಹೇಳುತ್ತಾರೆ.

ನಾಲ್ವರು ಗೋಲನ್ನು ಕೊಳವೆಯಿಂದ ಕಿತ್ತು ಎತ್ತಿ, ಹೆಗಲಿಗೆ ಕೊಟ್ಟು, ಅಭ್ಯಾಸದ ಬಲದಿಂದ ಒಂದೇ ಹೆಜ್ಜೆ ಹಾಕುತ್ತಾ ಬಹಳ ನಿಧಾನವಾಗಿ ಹೊರುತ್ತಾರೆ. ಮುಂದೆ ಕ್ಲೈವ್, ಟೋಪಿ ಕೈಯಲ್ಲಿ. ಟ್ಯಾನರಿ ಸಾಲಿನ ಕಿಟಕಿಯಲ್ಲಿ ಯಾರೋ ಪರದೆ ಸರಿಸಿ ನೋಡಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ.

*

ಸಿಟಿಯವನ ಹೆಸರು ಕಲಮ್ ಪ್ರಿಡಿ. ಮೂವತ್ತಿನ ಒಳಗಿನವನು. ಬಿಳಿ ಬೂಟು, ಕೈಯಲ್ಲಿ ನೆಲದ ಗಡಸು ಅಳೆಯುವ ಕೋಲು. ಸೊಕ್ಕಿನವನಲ್ಲ. ಹೋದ ವರ್ಷ ಒಣ ನೆಲದಲ್ಲಿ ಆಡಿ ಅವರ ಒಬ್ಬ ಹುಡುಗನ ಮಂಡಿ ಹರಿದು ಇಡೀ ಸೀಸನ್ ಹೋಯಿತು, ಹಾಗಾಗಿ ಕಳಿಸಿದ್ದಾರೆ ಎಂದು ತಾನೇ ಹೇಳುತ್ತಾನೆ.

"ಗೆರೆ ಇನ್ನೂ ಹಸಿ ಇದೆ."

"ಹೌದು ಚಿನ್ನ. ಬೂಟು ಜೋಪಾನ."

ಅವನು ಅಲ್ಲಲ್ಲಿ ಕೋಲು ಊರುತ್ತಾ ಹೋಗುತ್ತಾನೆ. ಡಾಟ್ ಹಿಂದೆ ಹೋಗುವುದಿಲ್ಲ. ಬಣ್ಣದ ಗಾಡಿಯನ್ನು ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ತೊಳೆಯುತ್ತಾರೆ. ಮಧ್ಯದ ವೃತ್ತದಲ್ಲಿ ಅವನು ಎರಡು ಸಲ ಊರಿ, ತಲೆ ಅಲ್ಲಾಡಿಸಿದ ಹಾಗೆ ಕಾಣುತ್ತದೆ. ಡಾಟ್‌ರ ಕೈ ನಿಲ್ಲುತ್ತದೆ. ಹಳ್ಳದ ಕಡೆಯ ಹೊಸ ಗೋಲಿನ ಮುಂದೆ ಹುಲ್ಲನ್ನು ಅಂಗೈಯಿಂದ ಒತ್ತಿ ನೋಡುತ್ತಾನೆ. ಟ್ಯಾನರಿ ಕಡೆಗೆ ಹೋಗಿ ಗೋಲಿನ ಹಿಂದೆ ನಿಲ್ಲುತ್ತಾನೆ. ಅಲ್ಲಿಂದಲೇ ಕೂಗುತ್ತಾನೆ.

"ಇದೇನಿದು ಬಿಳಿ?"

ಕ್ಲೈವ್ ಬಾಯಿ ತೆರೆಯುವ ಮೊದಲೇ ಡಾಟ್ ಹೇಳುತ್ತಾರೆ: "ಪರದೆ ತೊಳೆದ ನೀರು ಬಿತ್ತು. ಹುಲ್ಲು ಸತ್ತಿದೆ. ನಿನ್ನೆ ತನಕ ಗೋಲಿನ ಮುಂದೆ ಇತ್ತು, ಈಗ ಹಿಂದೆ ಇದೆ. ಗೋಲನ್ನೇ ಸರಿಸಿದ್ವಿ."

ಹುಡುಗ ಕಲೆ ನೋಡುತ್ತಾನೆ, ಗೋಲು ನೋಡುತ್ತಾನೆ, ಮೈದಾನದ ಆ ತುದಿ ನೋಡುತ್ತಾನೆ. "ಎಲ್ಲಾನೂನಾ? ಇವತ್ತು ಬೆಳಿಗ್ಗೆ?"

"ನಾನೂ ಮಿಸೆಸ್ ಸಗ್ಡನ್ನೂ. ಗೋಲು ಎತ್ತಿದ್ದು ಮಾತ್ರ ಕ್ಲೈವ್ ಕಡೆಯ ಹೆಣ ಹೊರೋರು."

ಅವನು ನಗುವುದಿಲ್ಲ. ಯೋಚಿಸುತ್ತಾನೆ. ಕೊನೆಗೆ, ಮಧ್ಯ ಭಾಗ 'ಗಡಸು, ಬಹಳ ಗಡಸು' ಎನ್ನುತ್ತಾನೆ. ಗೋಲಿನ ಮುಂದಿನ ಎರಡೂ ಜಾಗ ಚೆನ್ನಾಗಿದೆ. ದೊಡ್ಡ ಆಟಗಾರರು ಮೊದಲರ್ಧ ಮಾತ್ರ, ಆಮೇಲೆ ಹುಡುಗರ ತಂಡ. ಅದಕ್ಕೆ ಒಪ್ಪಿದರೆ ಸರಿ. ಕ್ಲೈವ್ ಒಪ್ಪಿಗೆ ಎನ್ನುತ್ತಾ ಅವನ ಕೈ ಹಿಡಿದು ಕುಲುಕುತ್ತಾರೆ. ಬಿಡುವುದೇ ಇಲ್ಲ. ಡಾಟ್ ಗಾಡಿ ತಳ್ಳಿಕೊಂಡು ಶೆಡ್ಡಿಗೆ ಹೋಗುತ್ತಾರೆ. ಒಳಗೆ ಮಗುಚಿಟ್ಟ ಬಕೆಟ್ಟಿನ ಮೇಲೆ ಸ್ವಲ್ಪ ಹೊತ್ತು ಕೂರುತ್ತಾರೆ. "ಟೀ ಕುಡಿದಿರಲಿಲ್ಲ, ಅದಕ್ಕೇ," ಎನ್ನುತ್ತಾರೆ ಆಮೇಲೆ.

ಮೂರಕ್ಕೆ ಪಂದ್ಯ. ಜನ ತುಂಬಿದ್ದಾರೆ. ಗೋಲು ಸರಿದದ್ದನ್ನು ಬಹಳಷ್ಟು ಜನ ಗಮನಿಸುವುದಿಲ್ಲ. ಯಾವಾಗಲೂ ಗೋಲಿನ ಸಾಲಿಗೆ ನಿಲ್ಲುವ ಕೆಲವು ಮುದುಕರು ಮಾತ್ರ ಏನೋ ಸರಿಯಿಲ್ಲ ಎಂದು ಅತ್ತಿತ್ತ ಸರಿಯುತ್ತಿದ್ದಾರೆ. ಡಾಟ್ ಕಂಬಿಗೆ ಆತು ನಿಂತಿದ್ದಾರೆ, ಕೈಯಲ್ಲಿ ಪೈ. ಪಕ್ಕದಲ್ಲಿ ಕ್ಲೈವ್ ತರಿಸಿಕೊಟ್ಟ ಮಡಿಸುವ ಕುರ್ಚಿಯಲ್ಲಿ ಮಿಸೆಸ್ ಸಗ್ಡನ್. ಡಾಟ್ ಚೆಂಡು ನೋಡುವುದಿಲ್ಲ, ಕಾಲು ನೋಡುತ್ತಾರೆ. ಎಲ್ಲಿ ಜಾರಿತು, ಎಲ್ಲಿ ಹುಲ್ಲು ಎದ್ದಿತು. ಸಿಟಿಯವರು ಒಂದು ಗೋಲು ಹೊಡೆದದ್ದು ಅವರಿಗೆ ಕೂಗಿನಿಂದಲೇ ಗೊತ್ತಾಗುತ್ತದೆ.

ಅಷ್ಟು ಸರಿಸಿಯೂ ಒಂದು ಚೆಂಡು ಗೋಲಿನ ಮೇಲೆ, ಗೋಡೆಯ ಮೇಲೆ ಹಾರಿ ಹಿತ್ತಲಿಗೆ ಬೀಳುತ್ತದೆ. ಗಾಜು ಒಡೆದ ಸದ್ದಿಲ್ಲ. ಎಲ್ಲರೂ ಕುರ್ಚಿಯ ಕಡೆ ತಿರುಗುತ್ತಾರೆ.

"ಮನೆಗೆ ಬೀಗ ಹಾಕಿದೆ," ಎನ್ನುತ್ತಾರೆ ಮಿಸೆಸ್ ಸಗ್ಡನ್, ಬಟಾಣಿ ಚಮಚದಲ್ಲಿ ಎತ್ತುತ್ತಾ. "ಆಟ ಮುಗೀಲಿ. ಕೊಟ್ರೆ ಕೊಡ್ತೀನಿ."

ಮೊದಲರ್ಧ ಮುಗಿಯುವ ಹೊತ್ತಿಗೆ ಬಿಸ್ಕತ್ತು ಕಾರ್ಖಾನೆಯ ಒಬ್ಬ, ಯಾರೂ ನಿರೀಕ್ಷಿಸದ ಒಂದು ಹೊಡೆತ ಹೊಡೆಯುತ್ತಾನೆ. ಹಳ್ಳದ ಕಡೆಯ ಗೋಲಿನಲ್ಲಿ ಸಿಟಿಯ ಕೀಪರ್ ಬಲಕ್ಕೆ ಪೂರ್ತಿ ಮೈ ಚಾಚಿ ಹಾರಿ, ಚೆಂಡನ್ನು ಬೆರಳ ತುದಿಯಲ್ಲಿ ಹೊರಗೆ ತಳ್ಳಿ, ಹುಲ್ಲಿನ ಮೇಲೆ ಬಿದ್ದು, ಜಾರಿ, ಎದ್ದು ನಿಲ್ಲುತ್ತಾನೆ. ಮೈ ಕೊಡವಿಕೊಳ್ಳುವುದೂ ಇಲ್ಲ. ನೋವಾದವನ ಹಾಗೆ ಕಾಣುವುದಿಲ್ಲ. ಡಾಟ್ ಪೈ ತಿನ್ನುವುದು ನಿಲ್ಲಿಸಿದ್ದಾರೆ.

ವಿರಾಮಕ್ಕೆ ಆಟಗಾರರು ಕಂಬಿಯ ಪಕ್ಕದಲ್ಲೇ ಒಳಗೆ ಹೋಗುತ್ತಾರೆ. ಟಿವಿಯಲ್ಲಿ ಬರುವ ಆ ಕೀಪರ್‌ನ ಬಿಳಿ ಚಡ್ಡಿಯ ಮೇಲೆ ಸೊಂಟದಿಂದ ಮಂಡಿಯವರೆಗೆ ಅಗಲವಾದ ಹಸಿರು ಕಲೆ.

ಮಿಸೆಸ್ ಸಗ್ಡನ್ ಕುರ್ಚಿಯಿಂದ ಮುಂದೆ ಬಾಗಿ ಅದನ್ನು ನೋಡುತ್ತಾರೆ. "ಹುಲ್ಲಿನ ಕಲೆ ಸುಮ್ನೆ ಹೋಗಲ್ಲ. ನನ್ನ ಹತ್ರ ಇನ್ನೂ ಅರ್ಧ ಡಬ್ಬ ಪುಡಿ ಇದೆ. ಒಂದು ರಾತ್ರಿ ನೆನೆಸಿದ್ರೆ ಹಾಲಿನ ಹಾಗೆ ಆಗುತ್ತೆ. ಕೇಳ್ತೀಯಾ ಅವನ್ನ?"

ಡಾಟ್ ಆ ಹಸಿರು ಕಲೆ ಬಾಗಿಲಿನೊಳಗೆ ಮರೆಯಾಗುವವರೆಗೂ ನೋಡುತ್ತಲೇ ಇರುತ್ತಾರೆ.

"ಬೇಡ ಐವಿ," ಎನ್ನುತ್ತಾರೆ. "ಇರಲಿ ಬಿಡು. ಹಾಗೇ ಹಾಕ್ಕೊಂಡು ಮನೆಗೆ ಹೋಗ್ಲಿ."